ಆರು ಮಂದಿ ಕೂಡಿ ಆನ್‌ಲೈನ್‌ನಾಗ ಭಾಮಿನಿ: ಸಾಲು ಯಾಕ ಕೂಡವಲ್ಲವು?

ಕೆಲಗೇರಿ ದಂಡೆ:
ಧಾರವಾಡ, ಹುಬ್ಬಳ್ಳಿ, ಗದಗಿನ ಆರು ಮಂದಿ ವಾಟ್ಸಾಪ್‌ನಾಗ ಕೂಡಿ ಒಂದು ಭಾಮಿನಿ ಷಟ್ಪದಿ (ಆರು ಸಾಲಿನ ಪದ್ಯ) ಬರೀಲಿಕ್ಹತ್ತೀವಿ, ತಲಾ ಒಂದು ಸಾಲು. ಮೊದಲನೇದು “ಗಾಳಿ ಬೀಸಿದೆ ಬಯಲ ಸೀಮೆಗೆ”. ಎರಡನೇದು “ಮಳೆಯ...” ಅಂತ ಶುರುವಾದ್ರ ಪ್ರಾಸ ಕೆಟ್ಟಿತು ಅಂತಾರ. ಎರಡೂ ಕಡೆ ಎರಡನೇ ಅಕ್ಷರ ಳಕಾರನ ಐತಲ್ಲ? ಕೂಡಿಸಿ ಓದಿದ್ರಂತೂ ಆರು ಚೂರು ಕೇಳಿಸ್ತಾವ.

ಬೆಟಗೇರಿ ಮಗ್ಗ:
ಳಕಾರ ಒಂದ ಸಾಲದು. ಆದಿಪ್ರಾಸದಾಗ (ಸಾಲಿನ ಎರಡನೇ ಅಕ್ಷರದ ಪ್ರಾಸ) ಅದರ ಹಿಂದಿನ ಅಕ್ಷರದ ತೂಕನೂ ಆರೂ ಸಾಲಿಗೆ ಒಂದ ಇರಬೇಕು. “ಗಾ” ಗುರು, ಅಂದ್ರ ಎರಡು ಮಾತ್ರೆ (ಎಣಿಕೆ); “ಮ” ಲಘು, ಒಂದ ಮಾತ್ರೆ. ಬರಿಯೂಕಿಂತ ಮೊದಲ ಪದ ಒಟ್ಟು ಮಾಡ್ರಿ: ಕಾಳು, ನಾಳೆ, ಬಾಳು, ಮೇಳ, ತಾಳ, ಹೋಳಿ. ಎಲ್ಲಾ ಮೂರು ಮಾತ್ರೆ, ಮೊದಲ ಗಣಕ್ಕ (ಮಾತ್ರೆಗಳ ಗುಂಪಿಗೆ) ಹೇಳಿ ಮಾಡಿಸಿದಂಗ.

1, 2, 4, 5ನೇ ಸಾಲು 3+4+3+4, ಅಂದ್ರ 14 ಮಾತ್ರೆ. 3 ಮತ್ತು 6ನೇದ್ದು 3+4 ಮೂರು ಸಲ, ಮ್ಯಾಲೊಂದು ಗುರು, 23. ಎಣಿಕೆ ಸರಿ ಇದ್ರೂ ಗಣ ಲಘು-ಗುರುವಿನಿಂದ (“ಧರಾ”, “ವಿಚಾರ”) ಶುರುವಾದ್ರ ಓಟ ಮುಗ್ಗರಸ್ತೈತಿ.

ಖರೇ ಅಂದ್ರ ಸಾಲಿಗೊಬ್ಬರು ಅನ್ನೂದ ತಪ್ಪು. ನಮ್ಮ ಗದುಗಿನ ನಾರಣಪ್ಪನ್ನ (ಕುಮಾರವ್ಯಾಸ) ನೋಡ್ರಿ: “ವೇದಪುರುಷನ ಸುತನ ಸುತನ ಸ” ಅಂತ ಸಾಲು ಮುಗದು, “ಹೋದರನ” ಮುಂದಿನ ಸಾಲಿಗೆ ಹೊಕ್ಕೈತಿ. ಪದ ಸಾಲು ದಾಟತೈತಿ, ಉಸಿರು ನಿಲ್ಲೂದು ಮೂರನೇ ಸಾಲಿನ ಕಡೀ ಗುರುವಿಗೆ. ಒಬ್ಬೊಬ್ಬರಿಗೆ ಮೂರು ಸಾಲು ಕೊಡ್ರಿ. ಆರು ಮಂದಿಗೆ ಮೂರು ಪದ್ಯ ಆಗತಾವ.

ಉಣಕಲ್ ಕೆರಿ:
ವಾಟ್ಸಾಪ್ ಹರಟಿಗೆ ಸಾಕು, ಪದ್ಯಕ್ಕ ಬ್ಯಾಡ. 15 ನಿಮಿಷ ದಾಟಿದ್ರ ಕಳಿಸಿದ್ದನ್ನ ತಿದ್ದಾಕ ಬರೂದಿಲ್ಲ, ಆಮ್ಯಾಲೆ ತಿದ್ದಿದ್ರಾಗ ಯಾವ ರೂಪ ಕಡೀದು ಅನ್ನೂದ ಗೊತ್ತಾಗೂದಿಲ್ಲ. ಗೂಗಲ್ ಡಾಕ್ಸ್‌ನಾಗ ಎಲ್ಲಾರಿಗೂ ಸಲಹೆ ಹಾಕೂ ಅನುಮತಿ ಅಷ್ಟ ಕೊಡ್ರಿ, ಒಪ್ಪೂ ಅಧಿಕಾರ ಒಬ್ಬರಿಗೆ. ಗಣ ಬಿಡಿಸಿನ ಬರೀರಿ: ಗಾಳಿ / ಬೀಸಿದೆ / ಬಯಲ / ಸೀಮೆಗೆ.

ಇನ್ನ ಸಾಲು ಸಾಲು ಕೂಡೂ ಜಾಗ. ಒಂದು ಸಾಲು ಲಘುವಿಗೆ ಮುಗದು ಮುಂದಿನದು ಒತ್ತಕ್ಷರದಿಂದ ಶುರುವಾದ್ರ ಆ ಲಘು ಗುರು ಆಗಿ 14 ಹೋಗಿ 15. ಇಬ್ಬರ ಎಣಿಕೆಯೂ ತಮ್ಮ ತಮ್ಮ ಮಟ್ಟಿಗೆ ಸರಿ ಇರತೈತಿ, ಅದಕ್ಕ ಯಾರ ಕಣ್ಣಿಗೂ ಬೀಳೂದಿಲ್ಲ.

ಪತ್ರಿಕೆಗೆ ಕಳಿಸೂದಾದ್ರ ಎಲ್ಲಾರ ಒಪ್ಪಿಗಿ ಮೊದಲ ಬರಸ್ಕೊಳ್ರಿ. ಯಾರದು ಎಷ್ಟು ಅಂತ ಬಿಡಿಸಾಕ ಬರದ ಕೃತಿ 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಜಂಟಿ ಕೃತಿ.

ಕೆಲಗೇರಿ ದಂಡೆ:
ಹಂಗಾರ ಮೊದಲ ಅರ್ಧ ಹಿಂಗ:

ಗಾಳಿ ಬೀಸಿದೆ ಬಯಲ ಸೀಮೆಗೆ
ಕಾಳು ಮೊಳೆಯುವ ಕಪ್ಪು ನೆಲದಲಿ
ನಾಳೆಯೆನ್ನದೆ ಕಟ್ಟು ಕೂರಿಗೆ ಕಾರ ಹುಣ್ಣಿಮೆಗೆ

ಮೂರನೇದು 22 ಬರಾಕ್ಹತ್ತೈತಿ?

ಬೆಟಗೇರಿ ಮಗ್ಗ:
23ನ. ಆ ಸಾಲಿನ ಕಡೀ ಅಕ್ಷರ ಲಘು ಇದ್ರೂ ಗುರು ಅಂತನ ಲೆಕ್ಕ. ಆದ್ರ ಕಾರ ಹುಣ್ಣಿಮಿ ದಿನ ಎತ್ತಿಗೆ ಬಣ್ಣ ಹಚ್ಚಿ ಕರಿ (ಅಡ್ಡ ಕಟ್ಟಿದ ತೋರಣ) ಹರೀತಾರ, ಅವತ್ತ ಬಿತ್ತೂ ಕೂರಿಗಿ ಯಾರು ಕಟ್ಟತಾರ್ರೀ? ಆ ಕಡೀ 9 ಮಾತ್ರೆ ಬದಲಿಸ್ರಿ.