ಸ್ಕಾರ್ಪಿಯೋ-ಎನ್ ಡೀಸೆಲ್: 12 ವರ್ಷ ಇಟ್ಕೊಳ್ಳೋದಾದ್ರೆ ಝಡ್4, ಝಡ್8, ಝಡ್8ಎಲ್‌ನಲ್ಲಿ ಯಾವುದು?

ಬಾಳ್ಳುಪೇಟೆ_ರಸ್ತೆ:

ಎಲ್ಲರಿಗೂ ನಮಸ್ಕಾರ. ಮಹೀಂದ್ರಾದ ಸ್ಕಾರ್ಪಿಯೋ-ಎನ್ ಡೀಸೆಲ್ ಮ್ಯಾನ್ಯುಯಲ್ ತಗೊಳ್ಳೋದು ಅಂತ ತೀರ್ಮಾನ ಆಗಿದೆ. ಕನಿಷ್ಠ 12 ವರ್ಷ ಮಾರೋ ಯೋಚನೆ ಇಲ್ಲ. ವರ್ಷಕ್ಕೆ 15,000 ಕಿ.ಮೀ. ಓಟ. ಹಾಸನ–ಸಕಲೇಶಪುರ ದಿನದ ದಾರಿ, ತಿಂಗಳಿಗೆ ಎರಡು ಸಲ ಶಿರಾಡಿ ಇಳಿದು ಮಂಗಳೂರು. ತೋಟದೊಳಗೆ ಎರಡು ಕಿ.ಮೀ. ಮಣ್ಣುದಾರಿ, ಆದರೆ ಜಲ್ಲಿ ಹಾಕಿಸಿದೆ. ಮನೆಯಲ್ಲಿ ವಯಸ್ಸಾದ ಅಪ್ಪ ಅಮ್ಮ, ಐದು ವರ್ಷದ ಮಗು.

ಕೆಳಗಿನ ವೇರಿಯಂಟ್ ಝಡ್4 ತಗೊಂಡು ಬೇಕಾದ್ದನ್ನು ಹೊರಗೆ ಹಾಕಿಸಿದ್ರೆ ಸಾಕು ಅಂತ ಒಬ್ಬರು ಹೇಳ್ತಾರೆ. ಇಷ್ಟು ವರ್ಷ ಇಟ್ಕೊಳ್ಳೋ ಗಾಡಿ, ಟಾಪ್ ಎಂಡ್ ಝಡ್8ಎಲ್ಲೇ ತಗೋ ಅಂತ ಇನ್ನೊಬ್ಬರು. ವೇರಿಯಂಟ್ ಹೆಚ್ಚಾದಷ್ಟೂ ಎಲೆಕ್ಟ್ರಾನಿಕ್ಸ್ ಹೆಚ್ಚು, ವಾರಂಟಿ ಮುಗಿದ ಮೇಲೆ ಅದೇ ತಲೆನೋವು ಅನ್ನೋ ಭಯ ನನಗೆ. ಯಾವುದಕ್ಕೆ ದುಡ್ಡು ಹಾಕಬೇಕು, ಯಾವುದನ್ನು ಬಿಡಬೇಕು ತಿಳಿದವರು ಹೇಳಿ.

—

ಪಾನಾ_ಪಕ್ಕಡ್:

ಸರ್, ಫೀಚರ್ ಪಟ್ಟಿ ಕೈಗೆ ತಗೊಂಡು ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ ಕೇಳಿ: ಇದನ್ನು ಆಮೇಲೆ ಗ್ಯಾರೇಜ್‌ನಲ್ಲಿ ಹಾಕಿಸೋಕೆ ಆಗುತ್ತಾ? ಆಗಲ್ಲ ಅಂದ್ರೆ, ಅದು ಬೇಕಾದ್ದೇ ಆಗಿದ್ರೆ, ಆ ವೇರಿಯಂಟ್‌ವರೆಗೆ ಹತ್ತಲೇಬೇಕು. ಆಗುತ್ತೆ ಅಂದ್ರೆ ಅದಕ್ಕೋಸ್ಕರ ಮೇಲಕ್ಕೆ ಹೋಗಬೇಡಿ.

ಆಗದೇ ಇರೋದರಲ್ಲಿ ಮೊದಲನೇದು ಏರ್‌ಬ್ಯಾಗ್. 2022ರ ಜೂನ್‌ನಲ್ಲಿ ಈ ಗಾಡಿ ಬಂದಾಗ ಝಡ್4ಗೆ ಎರಡು, ಝಡ್8ಗೆ ಆರು ಇತ್ತು. ಬ್ರೋಷರ್ ಆಗಾಗ ಬದಲಾಗುತ್ತೆ, ನೀವು ಬುಕ್ ಮಾಡೋ ದಿನದ ಬ್ರೋಷರ್‌ನಲ್ಲಿ ಎಷ್ಟಿದೆ ಅಂತ ನೀವೇ ಓದಿ. ಕಿಟಕಿ ಉದ್ದಕ್ಕೂ ಪರದೆಯ ಥರ ಇಳಿಯೋ ಕರ್ಟನ್ ಏರ್‌ಬ್ಯಾಗ್ ರೂಫ್ ಲೈನಿಂಗ್ ಒಳಗೆ ಮಡಚಿ ಕೂತಿರುತ್ತೆ, ಪಕ್ಕದ ಡಿಕ್ಕಿ ಗುರುತಿಸೋ ಸೆನ್ಸರ್ ಬೇರೆ ಇರುತ್ತೆ, ಕಂಟ್ರೋಲ್ ಯೂನಿಟ್‌ನ ಪ್ರೋಗ್ರಾಂ ಬೇರೆ. ಇದನ್ನು ಹೊರಗಡೆ ಯಾರೂ ಹಾಕಿಕೊಡಲ್ಲ. ಎರಡನೇದು ಇಎಸ್‌ಸಿ. ಮಳೆಯಲ್ಲಿ ಶಿರಾಡಿ ತಿರುವಿನಲ್ಲಿ ಹಿಂದಿನ ಚಕ್ರ ಜಾರಿದಾಗ ಒಂದೊಂದೇ ಚಕ್ರಕ್ಕೆ ಬ್ರೇಕ್ ಕೊಟ್ಟು ಗಾಡಿಯನ್ನು ನೇರ ಮಾಡೋದು ಇದೇ. ಎತ್ತರದ, ಹಿಂದಿನ ಚಕ್ರ ಓಡಿಸೋ ಗಾಡಿಗೆ ಇದು ಬೇಕೇಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಝಡ್4ರಲ್ಲಿ ಗೇರ್‌ಬಾಕ್ಸ್ ಯಾವುದು ಅನ್ನೋದರ ಮೇಲೂ ಇದು ಬದಲಾಗಬಹುದು, ಅದಕ್ಕೆ ಮ್ಯಾನ್ಯುಯಲ್‌ನ ಕಾಲಂ ಅನ್ನೇ ನೋಡಿ.

ಮೂರನೇದು ಹಿಂದಿನ ವೈಪರ್ ಮತ್ತು ಡಿಫಾಗರ್ (ಗಾಜಿನ ಮಂಜು ತೆಗೆಯೋ ಬಿಸಿ ತಂತಿ). ಸಣ್ಣದು ಅಂತ ಬಿಟ್ಟುಬಿಡ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಮ್ಮ ದಾರಿಯಲ್ಲಿ ಹಿಂದಿನ ಗಾಜು ಪೂರ್ತಿ ಕೆಸರು. ಡಿಫಾಗರ್ ತಂತಿ ಗಾಜಿನ ಮೇಲೇ ಅಚ್ಚಾಗಿ ಬರುತ್ತೆ, ಆಮೇಲೆ ಬೇಕು ಅಂದ್ರೆ ಗಾಜೇ ಬದಲಿಸಬೇಕು, ಜೊತೆಗೆ ಡಿಕ್ಕಿ ಬಾಗಿಲಿನೊಳಗೆ ವೈರಿಂಗ್ ಇರಬೇಕು.

ಆಮೇಲೆ ಎಂಜಿನ್. ಎಲ್ಲ ವೇರಿಯಂಟ್‌ಗೂ ಒಂದೇ 2.2 ಡೀಸೆಲ್ ಅಂತ ತಿಳ್ಕೊಂಡವರು ಬಹಳ. ಎಲ್ಲಕ್ಕಿಂತ ಕೆಳಗಿನ ಝಡ್2ರಲ್ಲಿ ಶಕ್ತಿ 132 ಪಿಎಸ್, ಎಳೆಯೋ ಬಲ (ಟಾರ್ಕ್) 300 ಎನ್‌ಎಂ. ಮೇಲಿನದರಲ್ಲಿ 175 ಪಿಎಸ್, ಮ್ಯಾನ್ಯುಯಲ್‌ಗೆ 370 ಎನ್‌ಎಂ, ಆಟೋಮ್ಯಾಟಿಕ್‌ಗೆ 400. ಏಳು ಜನ ಕೂತು ಘಾಟಿ ಹತ್ತುವಾಗ ಈ ವ್ಯತ್ಯಾಸ ಗೇರ್ ಇಳಿಸೋ ಪ್ರತಿ ಸಲವೂ ಗೊತ್ತಾಗುತ್ತೆ. ಕೆಳಗಿನ ವೇರಿಯಂಟ್ ನೋಡೋದಾದ್ರೆ ಕೊಟೇಶನ್ ಮೇಲೆ ಪಿಎಸ್ ಎಷ್ಟು ಅಂತ ಬರೆಸಿಕೊಳ್ಳಿ.

ಇನ್ನು ಹೊರಗಡೆ ಆಗೋದು: ಸ್ಪೀಕರ್, ರಿವರ್ಸ್ ಕ್ಯಾಮೆರಾ, ಡ್ಯಾಶ್‌ಕ್ಯಾಮ್, ಫುಟ್‌ಸ್ಟೆಪ್, ಸೀಟ್ ಕವರ್, ವಾಲ್ವ್ ಮುಚ್ಚಳದ ಥರ ಹಾಕೋ ಟೈರ್ ಪ್ರೆಷರ್ ಸೆನ್ಸರ್. ಎರಡು ಎಚ್ಚರಿಕೆ. ಕಂಪನಿ ವೈರ್ ಕತ್ತರಿಸಿ ಟೇಪ್ ಸುತ್ತೋಕೆ ಬಿಡಬೇಡಿ, ಕಪ್ಲರ್‌ಗೆ (ವೈರ್ ಜೋಡಿಸೋ ಪ್ಲಗ್) ಕಪ್ಲರ್ ಕೂರಬೇಕು. ಕತ್ತರಿಸಿದ ಗುರುತು ಕಂಡ್ರೆ ಎಲೆಕ್ಟ್ರಿಕಲ್ ವಾರಂಟಿ ಕೇಳೋಕೆ ಬಾಯಿ ಇರಲ್ಲ. ಆಂಪ್ಲಿಫೈಯರ್ ಹಾಕಿಸಿದ್ರೆ ಬ್ಯಾಟರಿಯಿಂದ ಒಂದಡಿಯೊಳಗೇ ಫ್ಯೂಸ್ ಇರಲಿ, ಇಲ್ಲಾಂದ್ರೆ ವೈರ್ ಎಲ್ಲಾದರೂ ಬಾಡಿಗೆ ಉಜ್ಜಿ ಸವೆದಾಗ ಬೆಂಕಿಗೆ ತಡೆಯೇ ಇರಲ್ಲ. ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಅನ್ನೋ ಚೀಟಿ ಇದ್ರೆ ಮಾಮೂಲಿ ಸೀಟ್ ಕವರ್ ಬೇಡ. ಆ ಹೊಲಿಗೆ ಬಿಚ್ಚಿಕೊಂಡೇ ಬ್ಯಾಗ್ ಹೊರಬರಬೇಕು, ಅಲ್ಲಿ ಗಟ್ಟಿ ರೆಕ್ಸಿನ್ ಸುತ್ತಿದ್ರೆ ಆರು ಏರ್‌ಬ್ಯಾಗ್‌ಗೆ ಕೊಟ್ಟ ದುಡ್ಡು ನೀರಿಗೆ ಹಾಕಿದ ಹಾಗೆ.

ನಿಮ್ಮ ಬಳಕೆಗೆ ನನ್ನ ಮಾತು ಝಡ್8, ಎರಡು ಚಕ್ರದ ಡ್ರೈವ್. ಜಲ್ಲಿ ಹಾಕಿದ ಎರಡು ಕಿ.ಮೀ.ಗೆ 4x4 ಬೇಡ. ಮುಂದಿನ ಚಕ್ರಕ್ಕೂ ಶಕ್ತಿ ಹಂಚೋ ಟ್ರಾನ್ಸ್‌ಫರ್ ಕೇಸ್, ಮುಂದಿನ ಡಿಫರೆನ್ಷಿಯಲ್ (ಎಡ ಬಲ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗೋಕೆ ಬಿಡೋ ಗೇರು), ಅವುಗಳ ಎಣ್ಣೆ, ಸೀಲು, ಎಲ್ಲವನ್ನೂ 12 ವರ್ಷ ಸಾಕಬೇಕು.

—

ಲೆಕ್ಕದ_ಪುಸ್ತಕ:

ಎಕ್ಸ್-ಶೋರೂಮ್ ಬೆಲೆಯ ವ್ಯತ್ಯಾಸ ನೋಡಿ ತೀರ್ಮಾನ ಮಾಡಬೇಡಿ. ನಮ್ಮ ರಾಜ್ಯದಲ್ಲಿ ಪೆಟ್ರೋಲ್, ಡೀಸೆಲ್ ಕಾರುಗಳ ಲೈಫ್ ಟ್ಯಾಕ್ಸ್ 10ರಿಂದ 20 ಲಕ್ಷದವರೆಗೆ ಶೇ 17, ಅದರ ಮೇಲೆ ಶೇ 18. ಆ ತೆರಿಗೆಯ ಮೇಲೆ ಶೇ 11 ಸೆಸ್. ಅಂದರೆ ನಿಜವಾಗಿ ಕಟ್ಟೋದು ಶೇ 18.87 ಮತ್ತು ಶೇ 19.98.

ಎರಡು ವೇರಿಯಂಟ್‌ಗಳ ನಡುವೆ 2.5 ಲಕ್ಷ ವ್ಯತ್ಯಾಸ ಅಂತ ಇಟ್ಕೊಳ್ಳಿ. ತೆರಿಗೆ 47,175 ಸೇರಿ 2,97,175 ಆಯ್ತು. ಐಡಿವಿ (ವಿಮೆಗೆ ಹಿಡಿಯೋ ಗಾಡಿಯ ಬೆಲೆ) ಏರಿದ್ದಕ್ಕೆ ವಿಮೆಯೂ ಏರುತ್ತೆ, ಮೂರು ಲಕ್ಷ ದಾಟಿತು ಅಂತಲೇ ಲೆಕ್ಕ. ಆ ಮೂರು ಲಕ್ಷವನ್ನು ಶೇ 9ರ ಬಡ್ಡಿಗೆ ಏಳು ವರ್ಷದ ಸಾಲದಲ್ಲಿ ಸೇರಿಸಿದ್ರೆ ತಿಂಗಳಿಗೆ 4,827 ರೂಪಾಯಿ ಕಂತು, ಬಡ್ಡಿಯೇ ಸುಮಾರು 1.05 ಲಕ್ಷ. ಶೋರೂಮ್‌ನಲ್ಲಿ ಎರಡೂವರೆ ಲಕ್ಷ ಅಂತ ಕೇಳಿಸಿದ್ದು ಕೈ ಬಿಡೋ ಹೊತ್ತಿಗೆ ನಾಲ್ಕು ಲಕ್ಷ. ಈ ಅಂಕಿಯನ್ನು ಮುಂದಿಟ್ಟುಕೊಂಡು ಝಡ್8ಎಲ್‌ನ ಹೆಚ್ಚುವರಿ ಪಟ್ಟಿ ಓದಿ.

20 ಲಕ್ಷದ ಗಡಿ ಗಮನಿಸಿ. ಗಡಿ ದಾಟಿದ್ರೆ ಇಡೀ ಬೆಲೆಗೆ ಮೇಲಿನ ದರ ಬೀಳುತ್ತೆ, ಮೇಲಿನ ಚೂರಿಗೆ ಮಾತ್ರ ಅಲ್ಲ. 19.90 ಲಕ್ಷದ ಗಾಡಿಗೆ 3,75,513, 20.10 ಲಕ್ಷದ್ದಕ್ಕೆ 4,01,598. ಇಪ್ಪತ್ತು ಸಾವಿರದ ಬೆಲೆ ವ್ಯತ್ಯಾಸಕ್ಕೆ ಇಪ್ಪತ್ತಾರು ಸಾವಿರದ ತೆರಿಗೆ.

ಬಿಲ್‌ನಲ್ಲಿ ಶೇ 1 ಟಿಸಿಎಸ್ (ಮಾರುವವರೇ ಮೊದಲು ಹಿಡಿಯೋ ಆದಾಯ ತೆರಿಗೆ) ಇರುತ್ತೆ, ಅದು ಖರ್ಚಲ್ಲ. ನಿಮ್ಮ ಪ್ಯಾನ್ ಸರಿಯಾಗಿ ಕೊಡಿ, ಆದಾಯ ತೆರಿಗೆ ರಿಟರ್ನ್ ಹಾಕುವಾಗ ತೆರಿಗೆಗೆ ಹೊಂದಿಸಿಕೊಳ್ಳಬಹುದು ಅಥವಾ ವಾಪಸ್ ಪಡೆಯಬಹುದು.

—

ಲೆಕ್ಕದ_ಪುಸ್ತಕ:

ಮೇಲಿನದರಲ್ಲಿ ವಿಮೆಯ ಒಂದು ವಿಷಯ ಬಿಟ್ಟುಹೋಯ್ತು. ಝೀರೋ ಡೆಪ್ (ಭಾಗಗಳಿಗೆ ಸವಕಳಿ ಕಳೆಯದೆ ದುಡ್ಡು ಕೊಡೋ ವಿಮೆ) ಸಾಮಾನ್ಯವಾಗಿ ಐದು ವರ್ಷದವರೆಗೆ ಸುಲಭವಾಗಿ ಸಿಗುತ್ತೆ. ಅದಿಲ್ಲದ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಶೇ 50 ಸವಕಳಿ ಕಳೀತಾರೆ, ಗಾಜಿಗೆ ಮಾತ್ರ ಸವಕಳಿ ಇಲ್ಲ. ಎಲ್‌ಇಡಿ ಹೆಡ್‌ಲೈಟ್, ಬಂಪರ್, ಹೊರಗಿನ ಕನ್ನಡಿಯ ಹೊದಿಕೆ, ಇವೆಲ್ಲ ಹೆಚ್ಚು ಕಮ್ಮಿ ಪ್ಲಾಸ್ಟಿಕ್ಕೇ. ಆರನೇ ವರ್ಷದಿಂದ ಹನ್ನೆರಡನೇ ವರ್ಷದವರೆಗೆ ಟಾಪ್ ವೇರಿಯಂಟ್‌ನ ಮುಂಭಾಗಕ್ಕೆ ಸಣ್ಣ ಡಿಕ್ಕಿಯಾದ್ರೂ ಅರ್ಧ ನಿಮ್ಮ ಜೇಬಿನಿಂದ.

—

ಕೊಡಗಿನ_ಇಬ್ಬನಿ:

ಲೆಕ್ಕ ಒಪ್ಪಿದೆ, ಆದರೆ ಅದನ್ನು ಕೇಳಿ ಹೆದರಿ ಹ್ಯಾಲೋಜನ್ ಹೆಡ್‌ಲೈಟ್‌ನ ಝಡ್4ಗೆ ಇಳಿಯಬೇಡಿ ಅಂತ ಕೇಳ್ಕೊಳ್ತೀನಿ. ರಾತ್ರಿ ಮಳೆಯಲ್ಲಿ ರಸ್ತೆ ಬದಿಯ ಬಿಳಿ ಪಟ್ಟಿ ಅಳಿಸಿಹೋದ ಕಡೆ ಒಳ್ಳೆಯ ಬೆಳಕೇ ಜೀವ. ಹ್ಯಾಲೋಜನ್ ಬಲ್ಬ್ ಅಗ್ಗ, ದಾರಿಯಲ್ಲೇ ಬದಲಿಸಬಹುದು, ನಿಜ. ಆದರೆ ಬೆಳಕು ಸಾಲದು ಅಂತ ಜನ ಮಾಡೋದೇನು? 100 ವ್ಯಾಟ್ ಬಲ್ಬ್ ಹಾಕಿಸ್ತಾರೆ. 60 ವ್ಯಾಟ್‌ಗೆ ಐದು ಆಂಪಿಯರ್ ಹರಿಯೋ ಕಡೆ ಎಂಟಕ್ಕಿಂತ ಹೆಚ್ಚು ಹರಿದು ಬಲ್ಬಿನ ಹಿಂದಿನ ಕಪ್ಲರ್ ಕಂದು ಬಣ್ಣಕ್ಕೆ ತಿರುಗಿ ಕರಗುತ್ತೆ. ಇಲ್ಲಾಂದ್ರೆ ಹ್ಯಾಲೋಜನ್ ರಿಫ್ಲೆಕ್ಟರ್‌ಗೆ ಎಲ್‌ಇಡಿ ಬಲ್ಬ್ ತುರುಕಿಸ್ತಾರೆ. ಬೆಳಕು ರಸ್ತೆಗೆ ಬೀಳದೆ ಎದುರಿನವರ ಕಣ್ಣಿಗೆ ಬೀಳುತ್ತೆ, ಪೊಲೀಸರೂ ಕೇಸ್ ಹಾಕ್ತಾರೆ. ಕಂಪನಿಯಿಂದಲೇ ಬಂದ ಪ್ರೊಜೆಕ್ಟರ್ ಎಲ್‌ಇಡಿ ಅಂದ್ರೆ ಝಡ್8.

ಝಡ್8ಎಲ್ ಪರವಾಗಿಯೂ ಒಂದು ಮಾತು. ಆರು ಸೀಟಿನದು ಅಲ್ಲಿ ಸಿಗುತ್ತೆ. ನಡುಸಾಲಿನಲ್ಲಿ ಬೇರೆ ಬೇರೆ ಕುರ್ಚಿ, ಎರಡೂ ಕಡೆ ಕೈ ಊರೋಕೆ ಜಾಗ. ವಯಸ್ಸಾದವರು ಘಾಟಿ ತಿರುವಿನಲ್ಲಿ ಆ ಕಡೆ ಈ ಕಡೆ ವಾಲದೆ ಕೂರ್ತಾರೆ. ಮಂಗಳೂರಿನ ಆಸ್ಪತ್ರೆಗೆ ಅಂತ ಆಗಾಗ ಹೋಗೋದಿದ್ರೆ ಇದನ್ನು ಸೋನಿ ಸ್ಪೀಕರ್ ಜೊತೆ ಸೇರಿಸಿ ತಳ್ಳಿಹಾಕಬೇಡಿ. ಒಂದು ಸಲ ಅಪ್ಪ ಅಮ್ಮನನ್ನು ಶೋರೂಮ್‌ಗೆ ಕರ್ಕೊಂಡು ಹೋಗಿ ಎರಡರಲ್ಲೂ ಹತ್ತಿಸಿ, ಇಳಿಸಿ ನೋಡಿ. ಯಾವ ವೇರಿಯಂಟ್ ಆದ್ರೂ ನೆಲ ಎತ್ತರ, ಫುಟ್‌ಸ್ಟೆಪ್ ಮಾತ್ರ ಹಾಕಿಸಲೇಬೇಕು.

—

ಪಾನಾ_ಪಕ್ಕಡ್:

ಹೆಡ್‌ಲೈಟ್ ಮಾತು ನೂರಕ್ಕೆ ನೂರು ಸರಿ. ಸೀಟಿನ ಮಾತೂ ಒಪ್ಪಿದೆ, ಅಪ್ಪ ಅಮ್ಮನಿಗೆ ನಿಜಕ್ಕೂ ಅನುಕೂಲ ಕಂಡ್ರೆ ಝಡ್8ಎಲ್‌ಗೆ ಅದೊಂದೇ ಕಾರಣ ಸಾಕು.

ಆಗ ಚಕ್ರದ ಬಗ್ಗೆ ತಿಳ್ಕೊಂಡಿರಿ. ಕೆಳಗಿನದಕ್ಕೆ 245/65 ಆರ್17, ಝಡ್8ಎಲ್‌ಗೆ 255/60 ಆರ್18. ಟೈರಿನ ಗೋಡೆ 159 ಮಿ.ಮೀ. ಇದ್ದದ್ದು 153 ಆಗುತ್ತೆ, ಆರು ಮಿ.ಮೀ.ಗೆ ಹೆದರಬೇಕಿಲ್ಲ. ತೊಂದರೆ ಇರೋದು ಡೈಮಂಡ್ ಕಟ್ ಅಲಾಯ್‌ನಲ್ಲಿ. ಮುಖವನ್ನು ಲೇತ್‌ನಲ್ಲಿ ಕೆತ್ತಿ ಮೇಲೆ ತೆಳುವಾಗಿ ಲ್ಯಾಕರ್ ಹೊಡೆದಿರ್ತಾರೆ. ಜಲ್ಲಿಕಲ್ಲು ಸಿಡಿದು ಲ್ಯಾಕರ್ ಎಲ್ಲಾದ್ರೂ ಚಕ್ಕೆ ಎದ್ದರೆ ನೀರು ಒಳಗೆ ನುಗ್ಗಿ ಹುಳ ಹರಿದ ಹಾಗೆ ಬಿಳಿ ಗೆರೆ ಹರಡುತ್ತೆ. ಬಣ್ಣ ಹಚ್ಚಿದ್ರೆ ಹೋಗಲ್ಲ, ಮತ್ತೆ ಕೆತ್ತಿಸಬೇಕು, ಕೆತ್ತಿದಷ್ಟೂ ಲೋಹ ತೆಳುವಾಗೋದರಿಂದ ಪದೇ ಪದೇ ಮಾಡಿಸೋ ಹಾಗಿಲ್ಲ. ತೋಟದ ದಾರಿಗೆ ಪೂರ್ತಿ ಪೇಂಟ್ ಆದ 17 ಇಂಚೇ ವಾಸಿ.

ಸ್ಟೆಪ್ನಿ ಯಾವ ಅಳತೆ ಅಂತ ಡೆಲಿವರಿಗೆ ಮುಂಚೆ ಬಗ್ಗಿ ನೋಡಿ. 18 ಇಂಚಿನ ಗಾಡಿಗೆ 17ರ ಸ್ಟೀಲ್ ಚಕ್ರ ಕೊಟ್ಟಿದ್ರೆ ಟೈರಿನ ವ್ಯಾಸದಲ್ಲಿ 13 ಮಿ.ಮೀ. ವ್ಯತ್ಯಾಸ ಬರುತ್ತೆ. ಅದನ್ನು ಹಿಂದೆ ಹಾಕಿ ದೂರ ಓಡಿಸಿದ್ರೆ ಡಿಫರೆನ್ಷಿಯಲ್ ನೇರ ರಸ್ತೆಯಲ್ಲೂ ಬಿಡುವಿಲ್ಲದೆ ತಿರುಗ್ತಾ ಬಿಸಿಯಾಗುತ್ತೆ. ಹಿಂದಿನದು ಪಂಕ್ಚರ್ ಆದ್ರೆ ಮುಂದಿನ ಚಕ್ರ ತೆಗೆದು ಹಿಂದಕ್ಕೆ ಹಾಕಿ, ಸ್ಟೆಪ್ನಿಯನ್ನು ಮುಂದಕ್ಕೆ ಹಾಕಿಕೊಂಡು ನಿಧಾನವಾಗಿ ಪಂಕ್ಚರ್ ಅಂಗಡಿ ತಲುಪಿ.

ಎಡಾಸ್ (ಕ್ಯಾಮೆರಾದಿಂದ ರಸ್ತೆ ನೋಡಿ ಚಾಲಕನಿಗೆ ನೆರವಾಗೋ ವ್ಯವಸ್ಥೆ) ಇರೋ ವೇರಿಯಂಟ್ ಆದ್ರೆ ಕ್ಯಾಮೆರಾ ಮುಂದಿನ ಗಾಜಿಗೆ ಅಂಟಿಕೊಂಡೇ ಇರುತ್ತೆ. ಗಾಜು ಬದಲಿಸಿದಾಗೆಲ್ಲ ಕ್ಯಾಲಿಬ್ರೇಷನ್ ಮಾಡಿಸಬೇಕು, ಅದರ ಖರ್ಚು ವಿಮೆಯಲ್ಲಿ ಬರುತ್ತಾ ಅಂತ ಪಾಲಿಸಿ ತಗೊಳ್ಳುವಾಗಲೇ ಬರಹದಲ್ಲಿ ಕೇಳಿ. ಹೆದ್ದಾರಿಯಲ್ಲಿ ಉಪಯೋಗ ಇದೆ. ಪಟ್ಟಿಯೇ ಇಲ್ಲದ ಘಾಟಿ ರಸ್ತೆಯಲ್ಲಿ ಅದನ್ನು ನಂಬಿಕೊಂಡು ವೇರಿಯಂಟ್ ಆರಿಸಬೇಡಿ.

—

ಬಾಳ್ಳುಪೇಟೆ_ರಸ್ತೆ:

ಎಲ್ಲರಿಗೂ ತುಂಬಾ ಧನ್ಯವಾದ. ಝಡ್8 ಅಂತ ಮನಸ್ಸು ಗಟ್ಟಿಯಾಗಿದೆ, ಸೀಟು ಮಾತ್ರ ಅಪ್ಪ ಅಮ್ಮನನ್ನು ಕೂರಿಸಿ ನೋಡ್ತೀನಿ. ಒಂದೇ ಅಳುಕು: ಝಡ್8 ಅಂದ್ರೆ ಸನ್‌ರೂಫ್ ಬಂದೇ ಬರುತ್ತೆ. ನಮ್ಮ ಕಡೆಯ ಮಳೆಗೆ ಇದು 12 ವರ್ಷ ಸೋರದೆ ಇರುತ್ತಾ?

—

ಪಾನಾ_ಪಕ್ಕಡ್:

ಸನ್‌ರೂಫ್ ಗಾಜಿನ ಸುತ್ತ ಇರೋ ರಬ್ಬರ್ ನೀರನ್ನು ಪೂರ್ತಿ ತಡೆಯೋಕೆ ಅಂತ ಮಾಡಿದ್ದಲ್ಲ. ಸ್ವಲ್ಪ ನೀರು ಒಳಗೆ ಬಂದೇ ಬರುತ್ತೆ, ಅದನ್ನು ಸುತ್ತಲಿನ ತಟ್ಟೆ ಹಿಡಿದುಕೊಂಡು ಮೂಲೆಗಳ ಸಣ್ಣ ಪೈಪ್‌ಗಳ ಮೂಲಕ ಕಂಬದೊಳಗಿಂದ ಕೆಳಗೆ ಬಿಡುತ್ತೆ. ಸೋರಿಕೆ ಅಂತ ಬರೋ ಗಾಡಿಗಳಲ್ಲಿ ಬಹುಪಾಲು ಈ ಪೈಪ್ ಕಟ್ಟಿಕೊಂಡಿರುತ್ತೆ. ಸಿಲ್ವರ್ ಓಕ್ ಎಲೆಯ ಚೂರು, ಧೂಳು, ಪಾಚಿ ಸೇರಿ ಬಾಯಲ್ಲಿ ಕಪ್ಪು ಮುದ್ದೆಯಾಗಿ ಕೂರುತ್ತೆ. ಅದರ ಮೇಲೆ ರಬ್ಬರಿಗೆ ಸಿಲಿಕಾನ್ ಅಂಟು ಮೆತ್ತಿದ್ರೆ ಏನೂ ಆಗಲ್ಲ, ನೀರು ಒಳಗಿನಿಂದಲೇ ದಾರಿ ಹುಡುಕುತ್ತೆ.

ವರ್ಷಕ್ಕೆ ಎರಡು ಸಲ, ಮೇ ಕೊನೆಯಲ್ಲಿ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ ಹೀಗೆ ಮಾಡಿ. ಗಾಡಿಯನ್ನು ಸಮತಟ್ಟಿನಲ್ಲಿ ನಿಲ್ಲಿಸಿ, ಸನ್‌ರೂಫ್ ಪೂರ್ತಿ ತೆರೆದು, ತಟ್ಟೆಯ ಕಸವನ್ನು ಒದ್ದೆ ಬಟ್ಟೆಯಲ್ಲಿ ತೆಗೀರಿ. ಮುಂದಿನ ಮೂಲೆಯಲ್ಲಿ ಪೆನ್ಸಿಲ್ ಗಾತ್ರದ ತೂತು ಕಾಣುತ್ತೆ. ಅಲ್ಲಿಗೆ ಸಣ್ಣ ಬಾಟಲಿಯಿಂದ 100 ಮಿ.ಲೀ. ನೀರು ನಿಧಾನವಾಗಿ ಬಿಡಿ. ಅದೇ ಬದಿಯಲ್ಲಿ ಗಾಡಿಯ ಕೆಳಗೆ ಕೆಲವೇ ಸೆಕೆಂಡಿನಲ್ಲಿ ನೀರು ತೊಟ್ಟಿಕ್ಕಬೇಕು. ತಟ್ಟೆಯಲ್ಲೇ ನಿಂತ್ರೆ ಕಟ್ಟಿದೆ ಅಂತ ಅರ್ಥ, ಇನ್ನೂ ನೀರು ಸುರಿಯಬೇಡಿ. ಕಳೆ ಕತ್ತರಿಸೋ ಯಂತ್ರದ ನೈಲಾನ್ ದಾರ ಒಂದೂವರೆ ಮೀಟರ್ ತಗೊಂಡು, ತುದಿಯನ್ನು ಲೈಟರ್‌ನಲ್ಲಿ ಕರಗಿಸಿ ಗುಂಡಗೆ ಮಾಡಿ, ತಿರುಗಿಸ್ತಾ ಒಳಗೆ ಬಿಡಿ. ಕಂಪ್ರೆಸರ್ ಗಾಳಿ ಹೊಡೆಸೋದು ಬೇಡ. ಕಂಬದೊಳಗಿನ ಜಾಯಿಂಟ್ ಕಳಚಿದ್ರೆ ರೂಫ್ ಲೈನಿಂಗ್ ಇಳಿಸದೆ ಅದನ್ನು ಕೂಡಿಸೋಕೆ ಆಗಲ್ಲ. ನಾಲ್ಕೂ ಮೂಲೆಗೆ ಇದೇ ರೀತಿ, ಹಿಂದಿನ ಎರಡು ಕೈಗೆ ಸಿಗದಿದ್ರೆ ಸರ್ವೀಸ್‌ನಲ್ಲಿ ಹೇಳಿ ಮಾಡಿಸಿ. ಆಮೇಲೆ ರೈಲ್‌ಗೆ ಹೊಸ ಗ್ರೀಸ್ ತೆಳುವಾಗಿ ಸವರಿ, ರಬ್ಬರಿಗೆ ಸಿಲಿಕಾನ್ ಸ್ಪ್ರೇ ಬಟ್ಟೆಯಲ್ಲಿ ಒರೆಸಿ.

ಮಳೆಗಾಲದಲ್ಲಿ ಡ್ರೈವರ್ ಕಾಲ ಕೆಳಗಿನ ಕಾರ್ಪೆಟ್ ವಾರಕ್ಕೊಮ್ಮೆ ಎತ್ತಿ ಕೈಯಿಂದ ಒತ್ತಿ ನೋಡಿ. ಮೇಲೆ ಒಣಗಿದ್ದು ಕೆಳಗಿನ ಫೋಮ್ ಒದ್ದೆ ಇದ್ರೆ ಅದೇ ದಿನ ಪೈಪ್ ನೋಡಿಸಿ, ಆ ನೀರು ಪಕ್ಕದ ವೈರಿಂಗ್ ಕಪ್ಲರ್‌ವರೆಗೆ ಹೋಗೋಕೆ ಹೆಚ್ಚು ದಿನ ಬೇಕಾಗಲ್ಲ. ಡೆಲಿವರಿ ದಿನವೂ ಈ ನೂರು ಮಿ.ಲೀ. ಪರೀಕ್ಷೆ ಶೋರೂಮ್ ಅಂಗಳದಲ್ಲೇ ಮಾಡಿ. ಜೊತೆಗೆ ಫಾರ್ಮ್ 22ರಲ್ಲಿ (ಗಾಡಿಗೆ ಕಂಪನಿ ಕೊಡೋ ಪ್ರಮಾಣಪತ್ರ) ತಯಾರಾದ ತಿಂಗಳು ನೋಡಿ, ಬುಕಿಂಗ್ ಫಾರ್ಮ್‌ನಲ್ಲಿ ಬರೆಸಿದ್ದ ವೇರಿಯಂಟ್ ಹೆಸರು ಇನ್‌ವಾಯ್ಸ್‌ನಲ್ಲಿ ಅಕ್ಷರಕ್ಕೆ ಅಕ್ಷರ ಹೊಂದುತ್ತಾ ಅಂತ ನೋಡಿ ಆಮೇಲೆ ಉಳಿದ ದುಡ್ಡು ಕೊಡಿ.