ಸಹಾಯ ಬೇಕು: ಮಾಗಡಿ ಕೆರೆಯ ಹೆಬ್ಬಾತಿನ ಕೊರಳಪಟ್ಟಿ ಓದಬೇಕಿದೆ

ಎಲ್ಲರಿಗೂ ನಮಸ್ಕಾರ. ನಿಮ್ಮಲ್ಲಿ ಯಾರ ಹತ್ತಿರವಾದರೂ ದೊಡ್ಡ ಜೂಮ್ ಲೆನ್ಸ್ ಅಥವಾ ಸ್ಪಾಟಿಂಗ್ ಸ್ಕೋಪ್ (ದೂರದ ಹಕ್ಕಿ ನೋಡುವ ದುರ್ಬೀನು) ಇದ್ದರೆ, ಈ ವಾರ ಗದಗ ಜಿಲ್ಲೆಯ ಶಿರಹಟ್ಟಿ ಹತ್ತಿರದ ಮಾಗಡಿ ಕೆರೆಗೆ ಬರೋಕೆ ಆಗುತ್ತಾ?

ಇಲ್ಲಿನ ಪಟ್ಟೆತಲೆ ಹೆಬ್ಬಾತುಗಳ ಹಿಂಡಿನಲ್ಲಿ ಒಂದರ ಕೊರಳಿಗೆ ಹಸಿರು ಪ್ಲಾಸ್ಟಿಕ್ ಪಟ್ಟಿ ಇದೆ. ಅದರ ಮೇಲೆ ಬಿಳಿ ಬರಹ. ನನ್ನ ಬೈನಾಕ್ಯುಲರ್‌ನಲ್ಲಿ ಬಣ್ಣ ಕಾಣುತ್ತದೆ, ಅಕ್ಷರ ಓದಲು ಆಗುತ್ತಿಲ್ಲ. ಹಕ್ಕಿ ನೀರಿನ ನಡುವೆ ಕುತ್ತಿಗೆ ಮಡಚಿ ಕೂತರೆ ಪಟ್ಟಿ ಅರ್ಧ ಗರಿಯೊಳಗೆ ಮುಚ್ಚಿಹೋಗುತ್ತದೆ. ತಲೆ ಎತ್ತಿ ಸುತ್ತ ನೋಡಿದಾಗ ಮಾತ್ರ ಒಂದು ಕ್ಷಣ ಪೂರ್ತಿ ಕಾಣುತ್ತದೆ.

ಹಕ್ಕಿಗಳ ವಲಸೆ ತಿಳಿಯಲು ಸಂಶೋಧಕರು ಮಂಗೋಲಿಯಾದಲ್ಲಿ ಹೀಗೆ ಪಟ್ಟಿ ಹಾಕಿದ ಹೆಬ್ಬಾತುಗಳು ಕರ್ನಾಟಕದಲ್ಲಿ ಹಿಂದೆಯೂ ಕಂಡಿವೆ. ಪಟ್ಟಿಯ ಮೇಲಿನ ಸಂಖ್ಯೆ ಸಿಕ್ಕರೆ ಎಲ್ಲಿ, ಯಾವಾಗ ಪಟ್ಟಿ ಹಾಕಿದರು ಅಂತ ತಿಳಿಯಬಹುದು. ಹಿಮಾಲಯ ದಾಟಿ ನಮ್ಮ ಕೆರೆಗೆ ಬಂದ ಹಕ್ಕಿ, ಅದರ ಊರು ನಮಗೆ ಗೊತ್ತಾಗಬೇಕು ಅಲ್ವಾ? ಮಾರ್ಚ್ ಹೊತ್ತಿಗೆ ಇವು ವಾಪಸ್ ಹೊರಡುತ್ತವೆ. ಅದಕ್ಕೇ ಈ ಅವಸರ.

ಸುತ್ತಲಿನ ರೈತರಲ್ಲೂ ಒಂದು ಕೋರಿಕೆ. ಇವು ಶೇಂಗಾ, ಕಡಲೆ ಹೊಲಕ್ಕೆ ಮೇಯಲು ಇಳಿಯುತ್ತವೆ. ಬೆಳೆ ಹಾಳಾದರೆ ಸಂಕಟ ಆಗುತ್ತದೆ, ನಿಜ. ಆದರೆ ಓಡಿಸುವ ಮೊದಲು ಬದುವಿನ ಮೇಲೆ ನಿಂತು ಮೊಬೈಲ್‌ನಲ್ಲಿ ಒಂದು ವಿಡಿಯೋ ಮಾಡಿದರೂ ಸಾಕು. ಬಿಸಿಲು ನಿಮ್ಮ ಬೆನ್ನಿಗಿದ್ದರೆ ಬರಹ ಚೆನ್ನಾಗಿ ಬರುತ್ತದೆ. ಹಕ್ಕಿ ಎಬ್ಬಿಸಲು ಕಲ್ಲು ಎಸೆಯುವುದು, ಡ್ರೋನ್ ಹಾರಿಸುವುದು ದಯವಿಟ್ಟು ಬೇಡ.

ಫೋಟೊ ಸಿಕ್ಕರೆ ಮುಂಬೈನ ಬಿಎನ್‌ಎಚ್‌ಎಸ್‌ಗೆ (ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ) ಕಳಿಸುವ ಯೋಚನೆ ಇದೆ. ಹಿಂದೆ ಹೀಗೆ ಕಳಿಸಿದ ಅನುಭವ ಇದ್ದವರು ಏನೇನು ವಿವರ ಬರೆಯಬೇಕು ಅಂತ ಹೇಳಿಕೊಡಿ. ಬರುವವರು ಇಲ್ಲೇ ತಿಳಿಸಿ, ಬೆಳಿಗ್ಗೆ ಕೆರೆ ಏರಿ ಮೇಲೆ ಸಿಗುತ್ತೇನೆ.