58ಕ್ಕೆ ನಂಬಿದವನಿಗೆ ಕಳೆದುಹೋದ ವರ್ಷಗಳು ವಾಪಸ್ ಸಿಗ್ತಾವಾ?

ಪ್ರಶ್ನೆ:
ಎಲ್ರಿಗೂ ವಂದನೆ. ನಾನು ಯೇಸು ಸ್ವಾಮಿನ ನಂಬಿದ್ದು 58ನೇ ವಯಸ್ಸಲ್ಲಿ, ಈಗ ಎರಡು ವರ್ಷ ಆಯ್ತು. ಅದಕ್ಕೂ ಮುಂಚೆ ಮೂವತ್ತು ವರ್ಷ ಕುಡಿತದಲ್ಲೇ ಹೋಯ್ತು. ನಾನು ಬಾಗಿಲು ತೆಗೆದ ಸದ್ದು ಕೇಳಿದ್ರೆ ಸಾಕು, ಮಕ್ಕಳು ಓದ್ತಿದ್ದ ಪುಸ್ತಕ ಮುಚ್ಚಿ ಒಳಗಿನ ರೂಮಿಗೆ ಹೋಗ್ಬಿಡೋರು, ಆ ಪುಸ್ತಕ ಮುಚ್ಚೋ ಸದ್ದು ಈಗ ಪ್ರಾರ್ಥನೆಗೆ ಮೊಣಕಾಲೂರಿದಾಗ ಕೇಳ್ಸತ್ತೆ. ಪಾಪಕ್ಕೆ ಕ್ಷಮೆ ಸಿಕ್ಕಿದೆ, ಅದ್ರಲ್ಲಿ ಅನುಮಾನ ಇಲ್ಲ. ಆದ್ರೆ ಕಾಲ ಎಲ್ಲಾ ದೇವರ ಕೈಯಲ್ಲಿದೆ ಅಂತೀವಲ್ಲ, ಹಾಗಿದ್ರೆ ನನ್ನನ್ನ 28ಕ್ಕೇ ಯಾಕೆ ಹಿಡ್ಕೊಳ್ಲಿಲ್ಲ? ಆಯುಸ್ಸು ಮುಗಿಯೋ ಹೊತ್ತಿಗೆ ಬಂದವನಿಗೆ ಸಿಗೋದು ಪೂರ್ತಿ ರಕ್ಷಣೆನಾ, ಇಲ್ಲ ಉಳಿದಿದ್ದರಲ್ಲಿ ಒಂದು ಪಾಲಾ? ಸಭೇಲಿ ಚಿಕ್ಕ ಹುಡುಗ್ರು ತಾವು ನಂಬಿಕೆಗೆ ಬಂದ ಸಾಕ್ಷಿ ಹೇಳೋವಾಗ ಖುಷಿ ಆಗತ್ತೆ, ಜೊತೆಗೆ ಎದೆ ಹಿಂಡಿದ ಹಾಗೂ ಆಗತ್ತೆ.

ಉತ್ತರ 1:
ಬ್ರದರ್, ಮತ್ತಾಯ 20 ಇನ್ನೊಂದ್ಸಲ ನಿಧಾನಕ್ಕೆ ಓದಿ. ಯೇಸು ಹೇಳಿದ ಆ ಕಥೇಲಿ ದ್ರಾಕ್ಷೇತೋಟದ ಯಜಮಾನ ಒಂದೇ ದಿನದಲ್ಲಿ ಐದು ಸಲ ಆಳು ಹುಡುಕ್ಕೊಂಡು ಹೊರಗೆ ಹೋಗ್ತಾನೆ, ಕೊನೇ ಸಲ ಹೋದಾಗ ಹೊತ್ತು ಮುಳುಗೋಕೆ ಇನ್ನೊಂದೇ ತಾಸು. ಅಷ್ಟು ಹೊತ್ತಲ್ಲಿ ಯಾರಾದ್ರೂ ಆಳು ಕರೀತಾರಾ? ಕೆಲಸ ಆಗ್ಬೇಕು ಅಂತ ಹೋಗಿದ್ದಲ್ಲ ಅನ್ಸತ್ತೆ ನಂಗೆ, ಅಲ್ಲಿ ಇನ್ನೂ ನಿಂತಿದ್ದವರಿಗೋಸ್ಕರ ಹೋಗಿದ್ದು. ಸಂಜೆ ಕೂಲಿ ಕೊಡೋವಾಗ ಮೊದಲು ಕರೆದಿದ್ದೂ ಅವರನ್ನೇ, ಕೊಟ್ಟಿದ್ದು ಇಡೀ ದಿನದ ಕೂಲಿ. ಎಫೆಸ 2:8ರಲ್ಲಿ ರಕ್ಷಣೆ ದೇವರ ವರ ಅಂತಾನೇ ಇದೆ. ವರ್ಷ ಲೆಕ್ಕ ಹಾಕಿ ಕೊಟ್ರೆ ಅದು ಸಂಬಳ ಆಗತ್ತೆ, ವರ ಆಗಲ್ಲ. ಯೇಸು ಪಕ್ಕದ ಶಿಲುಬೆ ಮೇಲಿದ್ದ ಆ ಕಳ್ಳನಿಗೆ ಉಳಿದಿದ್ದೇ ಕೆಲವು ಗಂಟೆ, ಅವನಿಗೆ ಸಿಕ್ಕಿದ್ದು "ಈ ಹೊತ್ತೇ ನನ್ನ ಜೊತೆ ಪರದೈಸಲ್ಲಿರ್ತೀಯ" ಅನ್ನೋ ಮಾತು. ನಿಮಗೆ ಪಾಲು ಅಲ್ಲ, ಪೂರ್ತಿನೇ ಸಿಕ್ಕಿದೆ.

ಉತ್ತರ 2:
ಮೇಲಿನವರು ಹೇಳಿದ್ದು ನಿಜ, ಆದ್ರೆ ಅಷ್ಟಕ್ಕೇ ನಿಲ್ಲಿಸಿದ್ರೆ ಆ ಪುಸ್ತಕ ಮುಚ್ಚಿದ ಮಕ್ಕಳ ವಿಷಯ ಹಾಗೇ ಉಳ್ದುಬಿಡತ್ತೆ, ಅದಕ್ಕೇ ಬರೀತಿದೀನಿ. ಬೈಬಲಲ್ಲಿ ಬರೋ ಯೆಹೂದದ ರಾಜ ಹಿಜ್ಕೀಯ ಸಾಯೋ ಹಾಗಿದ್ದಾಗ ಅತ್ತು ಬೇಡ್ಕೊಂಡ, ದೇವರು 15 ವರ್ಷ ಆಯುಸ್ಸು ಜಾಸ್ತಿ ಕೊಟ್ಟ, ಆ ಮಾತಿಗೆ ಗುರುತಾಗಿ ಮೆಟ್ಟಿಲ ಮೇಲೆ ಬಿದ್ದಿದ್ದ ಬಿಸಿಲಿನ ನೆರಳನ್ನ ಹತ್ತು ಮೆಟ್ಟಿಲು ಹಿಂದಕ್ಕೆ ಸರಿಸಿದ. ನೆರಳು ಹಿಂದಕ್ಕೆ ಹೋಯ್ತೇ ಹೊರತು ಹಿಜ್ಕೀಯ ಮತ್ತೆ ಹುಡುಗ ಆಗ್ಲಿಲ್ಲ. ಅವನ ಮಗ ಮನಸ್ಸೆ 12ನೇ ವಯಸ್ಸಿಗೆ ಪಟ್ಟಕ್ಕೆ ಬಂದ ಅಂತಿದೆ, ಅಂದ್ರೆ ಲೆಕ್ಕ ಹಾಕಿದ್ರೆ ಆ ಕೊಟ್ಟ 15 ವರ್ಷದೊಳಗೇ ಹುಟ್ಟಿದವನು. 55 ವರ್ಷ ಆಳಿದ, ಮಾಡಿದ್ದೆಲ್ಲಾ ಅನ್ಯಾಯ, ತನ್ನ ಮಗನನ್ನೇ ಬೆಂಕಿಗೆ ಬಲಿ ಕೊಟ್ಟವನು. ಅಂಥವನು ಸೆರೆಯಾಗಿ ಬಾಬೆಲಲ್ಲಿ ಸಂಕೋಲೆ ಹಾಕಿಸ್ಕೊಂಡು ಬಿದ್ದಿದ್ದಾಗ ತಗ್ಗಿಸಿಕೊಂಡು ಪ್ರಾರ್ಥನೆ ಮಾಡಿದ, ದೇವರು ಕೇಳಿದ. 2 ಪೂರ್ವಕಾಲವೃತ್ತಾಂತ 33ನೇ ಅಧ್ಯಾಯ. ಆದ್ರೂ ಮಗ ಆಮೋನ ನಡೆದಿದ್ದು ಅಪ್ಪನ ಹಳೇ ದಾರಿಲೇ, ತಿರುಗಿಬಂದ ಅಪ್ಪನ ದಾರಿಲಿ ಅಲ್ಲ. ನಿಮ್ಮನ್ನ ಹೆದರಿಸೋಕೆ ಹೇಳ್ತಿಲ್ಲ ಅಣ್ಣಾ. ಕ್ಷಮೆ ಸಿಕ್ಕಿದ ತಕ್ಷಣ ಮನೆಯವರ ಗಾಯ ಮಾಯಲ್ಲ, ಅದಕ್ಕೆ ಅವರ ಹತ್ರ ಬೇರೆಯಾಗೇ ಹೋಗ್ಬೇಕು. ಮಕ್ಕಳ ಹತ್ರ ಬಾಯಿಬಿಟ್ಟು ಕ್ಷಮಿಸಿ ಅಂತ ಕೇಳಿದೀರಾ?

ಉತ್ತರ 3:
28ಕ್ಕೇ ಯಾಕೆ ಕರೀಲಿಲ್ಲ ಅನ್ನೋದಕ್ಕೆ ಯಾರಾದ್ರೂ ಸುಲಭವಾಗಿ ಉತ್ತರ ಹೇಳಿದ್ರೆ ನಂಬ್ಬೇಡಿ. ತನ್ನ ಸ್ನೇಹಿತ ಲಾಜರ ಕಾಯಿಲೆ ಬಿದ್ದಿದಾನೆ ಅಂತ ಗೊತ್ತಾದ ಮೇಲೂ ಯೇಸು ಎರಡು ದಿನ ಇದ್ದಲ್ಲೇ ಇದ್ದ, ಬರೋ ಹೊತ್ತಿಗೆ ಸಮಾಧಿಯಾಗಿ ನಾಲ್ಕು ದಿನ. "ನೀನು ಇಲ್ಲಿ ಇದ್ದಿದ್ರೆ ನನ್ನ ತಮ್ಮ ಸಾಯ್ತಿರ್ಲಿಲ್ಲ" ಅಂತ ಮಾರ್ಥ ಮುಖಕ್ಕೇ ಹೇಳಿದ್ಲು, ಅದು ನಿಮ್ಮದೇ ಪ್ರಶ್ನೆ ಅಲ್ವಾ. ಆತ ಅವಳನ್ನ ಗದರ್ಲಿಲ್ಲ. ಯಾಕೆ ತಡ ಮಾಡಿದೆ ಅಂತ ಅವಳಿಗೆ ಲೆಕ್ಕನೂ ಒಪ್ಪಿಸ್ಲಿಲ್ಲ, ನಾನೇ ಪುನರುತ್ಥಾನ ಅಂದ, ಸಮಾಧಿ ಹತ್ರ ಹೋಗೋವಾಗ ಅತ್ತ, ಆಮೇಲೆ ಸತ್ತಿದ್ದ ಲಾಜರನನ್ನ ಬದುಕಿಸಿದ. ನಮಗೆ ತಡ ಅನ್ಸಿದ್ದು ಆತನಿಗೆ ಕೈಮೀರಿ ಹೋಗಿರಲ್ಲ ಅನ್ನೋದನ್ನ ಮಾತ್ರ ನಾನು ಗಟ್ಟಿಯಾಗಿ ಹಿಡ್ಕೊಂಡಿದೀನಿ. ಯೋವೇಲ 2:25ರಲ್ಲಿ ಮಿಡತೆ ತಿಂದ ಬೆಳೆ ಅಂತಿಲ್ಲ ನೋಡಿ, ತಿಂದ ವರ್ಷಗಳು ಅಂತಿದೆ, ಅದನ್ನ ಕಟ್ಟಿಕೊಡ್ತೀನಿ ಅಂತಾನೆ ದೇವರು. ಹೇಗೆ ಕಟ್ಟಿಕೊಡ್ತಾನೋ ಅದು ಆತನ ಕೆಲಸ.

ಪ್ರಶ್ನೆ ಕೇಳಿದವರು:
ಮೂವರಿಗೂ ಥ್ಯಾಂಕ್ಸ್. ಎರಡನೇ ಉತ್ತರ ಓದಿ ಎರಡು ದಿನ ನಿದ್ದೆ ಬರ್ಲಿಲ್ಲ, ಯಾಕಂದ್ರೆ ದೇವರ ಹತ್ರ ಕೇಳಿದ್ದೆ, ಮಕ್ಕಳ ಹತ್ರ ಕೇಳಿರ್ಲಿಲ್ಲ. ನಿನ್ನೆ ದೊಡ್ಡವನಿಗೆ ಫೋನ್ ಮಾಡ್ದೆ. ಕ್ಷಮಿಸು ಮಗಾ, ನಿನ್ನ ಚಿಕ್ಕವಯಸ್ಸು ಹಾಳು ಮಾಡಿದೆ ಅಂದೆ. ತುಂಬಾ ಹೊತ್ತು ಏನೂ ಮಾತಾಡ್ಲಿಲ್ಲ, ಲೈನ್ ಕಟ್ ಆಯ್ತೇನೋ ಅನ್ಕೊಂಡೆ. ಆಮೇಲೆ "ಭಾನುವಾರ ನಾನೇ ಮಾಡ್ತೀನಿ" ಅಂದು ಇಟ್ಟ. ಭಾನುವಾರಕ್ಕೆ ಇನ್ನೂ ನಾಲ್ಕು ದಿನ ಇದೆ, ನಮ್ಮಿಬ್ಬರಿಗೋಸ್ಕರ ಪ್ರಾರ್ಥನೆ ಮಾಡ್ಕೊಳ್ಳಿ.